ಗಾಶೆಯ ಖಾಲಿ ಚೌಕಟ್ಟು

2019ರ ಕೊನೆಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಸ್ಟೇಡಲ್ ಮ್ಯೂಸಿಯಂನಲ್ಲಿ ವ್ಯಾನ್ ಗೋ ಕುರಿತು ದೊಡ್ಡ ಪ್ರದರ್ಶನವೊಂದು ಶುರುವಾಯಿತು. ಅಲ್ಲಿ ಒಂದು ಕಡೆ ಚಿತ್ರವೇ ಇಲ್ಲದ ಚೌಕಟ್ಟನ್ನು ತೂಗುಹಾಕಿದ್ದರು. ಅದರೊಳಗಿದ್ದ 'ಡಾಕ್ಟರ್ ಗಾಶೆ'ಯ ಭಾವಚಿತ್ರವನ್ನು 1937ರಲ್ಲಿ ನಾಜಿ ಸರ್ಕಾರ 'ಕುಲಗೆಟ್ಟ ಕಲೆ' ಎಂದು ಹಣೆಪಟ್ಟಿ ಹಚ್ಚಿ ಹೊತ್ತೊಯ್ದಿತ್ತು. ಚೌಕಟ್ಟು ಮಾತ್ರ ಮ್ಯೂಸಿಯಂನಲ್ಲೇ ಉಳಿದಿತ್ತು.

ವಿಚಿತ್ರವೆಂದರೆ, ಮ್ಯೂಸಿಯಂಗೆ ಸಿಗದ ಆ ಚಿತ್ರ ನಮಗೆ ನಿಮಗೆ ಸುಲಭವಾಗಿ ಸಿಗುತ್ತದೆ. ಕ್ಯಾನ್ವಾಸಿನ ಮೇಲೆ ಕೈಯಿಂದಲೇ ಬರೆದ ತೈಲವರ್ಣದ ಪ್ರತಿಯನ್ನು ಯಾರು ಬೇಕಾದರೂ ಆರ್ಡರ್ ಮಾಡಬಹುದು. ಕೆಲವು ವಾರಗಳಲ್ಲಿ ಅದು ಕೊಳವೆಯಲ್ಲಿ ಸುತ್ತಿಕೊಂಡು ಮನೆಗೆ ಬರುತ್ತದೆ. ಚಿತ್ರಕಾರ ಸತ್ತು ನೂರಮೂವತ್ತು ವರ್ಷ ದಾಟಿರುವುದರಿಂದ ಹಕ್ಕುಸ್ವಾಮ್ಯದ ತೊಡಕೂ ಇಲ್ಲ. ಪ್ರತಿಯನ್ನು ಪ್ರತಿ ಎಂದು ಮಾರಿದರೆ ವ್ಯಾಪಾರ, ಮೂಲವೆಂದು ಮಾರಿದರೆ ಮೋಸ. ಬರ್ಲಿನ್ನಿನ ಓಟೋ ವಾಕರ್ ಎಂಬ ವ್ಯಾಪಾರಿ 1920ರ ದಶಕದಲ್ಲಿ ಮೂವತ್ತರಷ್ಟು ಸುಳ್ಳು ವ್ಯಾನ್ ಗೋಗಳನ್ನು ಮಾರುಕಟ್ಟೆಗೆ ಬಿಟ್ಟು, 1932ರಲ್ಲಿ ಕಟಕಟೆ ಹತ್ತಿದ.

ಮೂಲದ ಕಥೆಗೆ ಬರೋಣ. 1890ರ ಮೇ ತಿಂಗಳಲ್ಲಿ ವ್ಯಾನ್ ಗೋ ಪ್ಯಾರಿಸ್ ಬಳಿಯ ಓವೇರ್ ಎಂಬ ಹಳ್ಳಿಗೆ ಬಂದ. ಅಲ್ಲಿ ಅವನನ್ನು ನೋಡಿಕೊಳ್ಳಬೇಕಿದ್ದವರು ಡಾಕ್ಟರ್ ಪಾಲ್ ಗಾಶೆ. ರೋಗಿಯಷ್ಟೇ ಬೇಸರ ವೈದ್ಯನ ಮುಖದಲ್ಲೂ ವ್ಯಾನ್ ಗೋಗೆ ಕಂಡಿತು. ಜೂನ್‌ನಲ್ಲಿ ಅವರನ್ನು ಕೂರಿಸಿ ಚಿತ್ರ ಬರೆದ: ಬಿಳಿ ಟೋಪಿ, ನೀಲಿ ಕೋಟು, ಕೆಂಪು ಮೇಜು, ಅಂಗೈಗೆ ಒರಗಿದ ತಲೆ. ಮೇಜಿನ ಮೇಲೆ ಎರಡು ಹಳದಿ ಪುಸ್ತಕ, ಗಾಜಿನ ಲೋಟದಲ್ಲಿ ಫಾಕ್ಸ್‌ಗ್ಲೋವ್ ಹೂವಿನ ಕಡ್ಡಿ. ಹೃದಯದ ಕಾಯಿಲೆಗೆ ಔಷಧಿ ಕೊಡುವ ಗಿಡ ಅದು. ಜುಲೈ 29ರಂದು ವ್ಯಾನ್ ಗೋ ತೀರಿಕೊಂಡ.

ಗಾಶೆಯ ಭಾವಚಿತ್ರ ಎರಡಿದೆ. ಇನ್ನೊಂದರಲ್ಲಿ ಪುಸ್ತಕವಿಲ್ಲ, ಲೋಟವಿಲ್ಲ, ಹೂವಿನ ಕಡ್ಡಿ ಮೇಜಿನ ಮೇಲೇ ಇದೆ. ಅದನ್ನು ಗಾಶೆಯ ಮಕ್ಕಳು 1949ರಲ್ಲಿ ಫ್ರಾನ್ಸಿಗೆ ದಾನ ಕೊಟ್ಟರು, ಈಗ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಲ್ಲಿದೆ. ಇದರ ಬೆನ್ನಿಗೂ ಅನುಮಾನ ಅಂಟಿಕೊಂಡಿತ್ತು. ಕಾರಣ, ಡಾಕ್ಟರ್ ಗಾಶೆಗೆ ಸ್ವತಃ ಕುಂಚ ಹಿಡಿಯುವ ಹುಚ್ಚು. ಅವರೂ ಅವರ ಮಗನೂ ಮನೆಯಲ್ಲಿದ್ದ ಸೆಜಾನ್, ವ್ಯಾನ್ ಗೋ ಚಿತ್ರಗಳನ್ನು ನೋಡಿ ನೋಡಿ ಬರೆಯುತ್ತಿದ್ದರು. 1999ರಲ್ಲಿ ಪ್ಯಾರಿಸ್ಸಿನ ಒಂದು ಪ್ರದರ್ಶನದಲ್ಲಿ ಮೂಲಗಳನ್ನೂ ಈ ಮನೆಮಂದಿಯ ಪ್ರತಿಗಳನ್ನೂ ಜೊತೆಗಿಟ್ಟಾಗ ವ್ಯತ್ಯಾಸ ಎದ್ದು ಕಂಡಿತು.

ಮೊದಲನೆಯ ಚಿತ್ರ ಮಾತ್ರ ಊರೂರು ಅಲೆಯಿತು. ವ್ಯಾನ್ ಗೋನ ತಮ್ಮ ಥಿಯೋನ ಹೆಂಡತಿ ಯೊಹಾನಾ 1897ರಲ್ಲಿ ಅದನ್ನು ಮಾರಿದಾಗ ಸಿಕ್ಕಿದ್ದು 300 ಫ್ರಾಂಕ್. 1911ರಲ್ಲಿ ಸ್ಟೇಡಲ್ ಸೇರಿತು. ನಾಜಿಗಳು ಒಯ್ದ ಮೇಲೆ ಗೋರಿಂಗ್ ಮೂಲಕ ಮಾರಾಟವಾಗಿ, ಕಡೆಗೆ ಯಹೂದಿ ಬ್ಯಾಂಕರ್ ಕ್ರಮಾರ್ಸ್ಕಿ ಕುಟುಂಬದ ಜೊತೆ ನ್ಯೂಯಾರ್ಕ್ ಮುಟ್ಟಿತು. 1990ರ ಮೇ 15ರಂದು ಕ್ರಿಸ್ಟೀಸ್ ಹರಾಜಿನಲ್ಲಿ ಜಪಾನಿನ ಕಾಗದ ಉದ್ಯಮಿ ರ್ಯೋಯಿ ಸೈತೊ ಅದಕ್ಕೆ ಕೊಟ್ಟದ್ದು 8.25 ಕೋಟಿ ಡಾಲರ್. ತಾನು ಸತ್ತಾಗ ಚಿತ್ರವನ್ನೂ ಜೊತೆಗೇ ಸುಡಬೇಕೆಂದು ಆತ ಹೇಳಿ ಗುಲ್ಲೆಬ್ಬಿಸಿದ, ಆಮೇಲೆ ತಮಾಷೆಗೆ ಅಂದದ್ದು ಎಂದ. 1996ರಲ್ಲಿ ಆತ ತೀರಿಕೊಂಡ. ಹರಾಜಿನ ನಂತರ ಆ ಚಿತ್ರ ಸಾರ್ವಜನಿಕರ ಕಣ್ಣಿಗೆ ಬಿದ್ದಿಲ್ಲ.

ಅಂದರೆ, ಇವತ್ತು ಆ ಗಾಶೆಯನ್ನು ಬಲ್ಲವರೆಲ್ಲ ಬಹುಮಟ್ಟಿಗೆ ಪ್ರತಿಗಳ ಮೂಲಕವೇ ಬಲ್ಲವರು. ಇದರಲ್ಲಿ ನಾವು ಮೂಗು ಮುರಿಯುವಂಥದ್ದೇನೂ ಇಲ್ಲ. ಪಂಪನ ಕೈಬರಹವನ್ನು ನಮ್ಮಲ್ಲಿ ಯಾರು ಕಂಡಿದ್ದಾರೆ? ಓಲೆಗರಿಯಿಂದ ಓಲೆಗರಿಗೆ ಇಳಿಸಿದ ಲಿಪಿಕಾರರ ಕೈಯಿಂದಲೇ ಪಂಪ ನಮಗೆ ದಕ್ಕಿದ್ದು. ವ್ಯಾನ್ ಗೋ ಕೂಡ ಪ್ರತಿ ಮಾಡಿದವನೇ. ಸಾಂ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಮಿಲೆ, ದೆಲಕ್ರ್ವಾ, ರೆಂಬ್ರಾಂಟರ ಚಿತ್ರಗಳ ಮುದ್ರಿತ ಹಾಳೆಗಳನ್ನು ಎದುರಿಗಿಟ್ಟುಕೊಂಡು ತೈಲವರ್ಣದಲ್ಲಿ ಬರೆದ. ಮಿಲೆಯವೇ ಇಪ್ಪತ್ತಕ್ಕೂ ಹೆಚ್ಚು. ಇನ್ನೊಬ್ಬರು ರಚಿಸಿದ ಸಂಗೀತವನ್ನು ವಾದ್ಯಗಾರ ನುಡಿಸಿದ ಹಾಗೆ ಇದು ಎಂಬುದು ಅವನ ವಾದ. ಹಾಳೆಯಲ್ಲಿ ಇಲ್ಲದ ಬಣ್ಣ ಅವನದೇ.

ಆದರೆ ಆ ಸ್ವಾತಂತ್ರ್ಯ ಇಂದಿನ ಪ್ರತಿಕಾರನಿಗಿಲ್ಲ. ಇವತ್ತು ಈ ಕಸುಬಿಗೆ ದೊಡ್ಡ ಹೆಸರು ಚೀನಾದ ಶೆನ್‌ಝೆನ್ ನಗರದ ದಾಫೆನ್. 1989ರಲ್ಲಿ ಹ್ವಾಂಗ್ ಜಿಯಾಂಗ್ ಎಂಬ ಹಾಂಗ್‌ಕಾಂಗ್ ವ್ಯಾಪಾರಿ ಕೆಲವು ಕಲಾವಿದರನ್ನು ಕಟ್ಟಿಕೊಂಡು ಆಗಿನ್ನೂ ಹಳ್ಳಿಯಾಗಿದ್ದ ದಾಫೆನ್‌ಗೆ ಬಂದ. ಬಾಡಿಗೆ ಅಗ್ಗ, ಬಂದರು ಹತ್ತಿರ. ಮುಂದೆ ದೂರದ ಹಳ್ಳಿಗಳಿಂದ ಸಾವಿರಾರು ಮಂದಿ ಬಂದು ಕುಂಚ ಹಿಡಿದರು. ಮುದ್ರಿತ ಚಿತ್ರ ನೋಡಿ ಗೆರೆ ಹಾಕುವುದು, ಮೇಲೆ ದಪ್ಪ ಬಣ್ಣ ಹಚ್ಚುವುದು, ಸಾಲಾಗಿ ಒಣಗಹಾಕುವುದು. ಎಷ್ಟು ಚಿತ್ರ ಮುಗಿಯಿತೋ ಅಷ್ಟಕ್ಕೆ ಕೂಲಿ. ಹಳ್ಳಿಯ ನೋಂದಣಿ ಇರುವವರಿಗೆ ನಗರದಲ್ಲಿ ಮಕ್ಕಳ ಶಾಲೆಯದ್ದೇ ದೊಡ್ಡ ತಲೆನೋವು.

ಅವರಲ್ಲೊಬ್ಬ ಝಾವೊ ಷಿಯಾವೊಯೋಂಗ್. ಇಪ್ಪತ್ತು ವರ್ಷದಷ್ಟು ಕಾಲ ವ್ಯಾನ್ ಗೋನನ್ನೇ ಬರೆದವನು, ಒಂದು ಮೂಲಚಿತ್ರವನ್ನೂ ನೋಡಿರಲಿಲ್ಲ. ಅವನ ಮೇಲೆ 2016ರಲ್ಲಿ 'ಚೈನಾಸ್ ವ್ಯಾನ್ ಗೋಸ್' ಎಂಬ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಅವನು ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುತ್ತಾನೆ. ತನ್ನ ಚಿತ್ರಗಳು ಗ್ಯಾಲರಿಯಲ್ಲಿರುತ್ತವೆ ಎಂದುಕೊಂಡಿದ್ದವನಿಗೆ ಅವು ಕಂಡದ್ದು ಪ್ರವಾಸಿಗರ ನೆನಪಿನ ಸಾಮಾನಿನ ಅಂಗಡಿಯಲ್ಲಿ, ತನಗೆ ಸಿಗುವ ದುಡ್ಡಿನ ಹಲವು ಪಟ್ಟು ಬೆಲೆಗೆ. ಮ್ಯೂಸಿಯಂನಲ್ಲಿ ಮೂಲದ ಮುಂದೆ ನಿಂತಾಗ, ಬಣ್ಣ ತಾನು ಬರೆದಂತಿಲ್ಲ ಎಂದು ಅವನ ಕಣ್ಣಿಗೆ ತಟ್ಟನೆ ಹೊಳೆಯುತ್ತದೆ. ಅಷ್ಟು ವರ್ಷ ಅವನು ನೋಡಿದ್ದು ಅಚ್ಚಿನ ಬಣ್ಣವನ್ನಷ್ಟೆ.

ಪ್ರತಿ ಮಾಡುವುದು ಕೀಳಲ್ಲ. ಮಾಡಿದವನ ಹೆಸರು ಅಳಿಸಿ, ಮೂಲ ಕಾಣುವ ಅವಕಾಶವನ್ನೂ ಕೊಡದೆ ದುಡಿಸಿಕೊಳ್ಳುವುದು ಕೀಳು. ಊರು ಬಿಟ್ಟು ಬಂದು, ಯಾರದೋ ಹೆಸರಿನ ಕೆಲಸವನ್ನು ನೀಟಾಗಿ ಮುಗಿಸಿ ಕೊಡುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ.

ಝಾವೊ ದಾಫೆನ್‌ಗೆ ಮರಳಿ ಸ್ವಂತ ಚಿತ್ರಗಳಿಗೆ ಕೈಹಾಕಿದ. ಅವುಗಳಲ್ಲಿ ಒಂದು, ಊರಿನಲ್ಲಿರುವ ಅವನ ಅಜ್ಜಿಯ ಭಾವಚಿತ್ರ.