ಪ್ಯಾರಾಥೈರಾಯ್ಡ್ ಗ್ರಂಥಿಗಳ ಚಿತ್ರಣ

ಪ್ಯಾರಾಥೈರಾಯ್ಡ್ ಗ್ರಂಥಿಗಳ ಚಿತ್ರಣ ಎಂಬುದು ಅತಿಯಾಗಿ ಹಾರ್ಮೋನು ಸ್ರವಿಸುತ್ತಿರುವ ಪ್ಯಾರಾಥೈರಾಯ್ಡ್ ಗ್ರಂಥಿಯು ಕುತ್ತಿಗೆಯಲ್ಲಿ ಅಥವಾ ಎದೆಯಲ್ಲಿ ಎಲ್ಲಿದೆ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಗುರುತಿಸಲು ಬಳಸುವ ವೈದ್ಯಕೀಯ ಪರೀಕ್ಷೆಗಳ ಸಮೂಹವಾಗಿದೆ. ಸೆಸ್ಟಾಮಿಬಿ ಸ್ಕ್ಯಾನ್ ಮತ್ತು ಕುತ್ತಿಗೆಯ ಅಲ್ಟ್ರಾಸೌಂಡ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿವೆ. ನಾಲ್ಕು ಆಯಾಮದ ಸಿ.ಟಿ., ಕೋಲಿನ್ ಪೆಟ್ ಸ್ಕ್ಯಾನ್ ಮತ್ತು ಎಂ.ಆರ್.ಐ. ಇತರ ವಿಧಾನಗಳು. ರೋಗವಿದೆಯೇ ಇಲ್ಲವೇ ಎಂಬುದನ್ನು ಈ ಪರೀಕ್ಷೆಗಳು ನಿರ್ಧರಿಸುವುದಿಲ್ಲ. ಅದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ರೋಗವು ಖಚಿತವಾಗಿ ಶಸ್ತ್ರಚಿಕಿತ್ಸೆ ಮಾಡಲು ತೀರ್ಮಾನಿಸಿದ ನಂತರ, ಎಲ್ಲಿ ಹುಡುಕಬೇಕು ಎಂಬುದನ್ನು ತಿಳಿಯಲು ಮಾತ್ರ ಚಿತ್ರಣವನ್ನು ಬಳಸಲಾಗುತ್ತದೆ.

ಹಿನ್ನೆಲೆ

ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ಇವು ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿ, ಎರಡೂ ಪಕ್ಕಗಳಲ್ಲಿ ಮೇಲೊಂದು ಕೆಳಗೊಂದರಂತೆ ಇರುತ್ತವೆ. ಆರೋಗ್ಯವಂತರಲ್ಲಿ ಒಂದೊಂದು ಗ್ರಂಥಿಯೂ ಅಕ್ಕಿಕಾಳಿನಷ್ಟು ಅಥವಾ ಬೇಳೆಯಷ್ಟು ದೊಡ್ಡದಿದ್ದು, ಸುಮಾರು 30ರಿಂದ 50 ಮಿಲಿಗ್ರಾಂ ತೂಗುತ್ತದೆ. ಇವು ಸ್ರವಿಸುವ ಪ್ಯಾರಾಥೈರಾಯ್ಡ್ ಹಾರ್ಮೋನು (ಪಿಟಿಎಚ್) ಮೂಳೆ, ಮೂತ್ರಪಿಂಡ ಮತ್ತು ಕರುಳಿನ ಮೂಲಕ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ನಿಯಂತ್ರಿಸುತ್ತದೆ.

ಈ ಗ್ರಂಥಿಗಳಲ್ಲಿ ಒಂದು ಅಥವಾ ಹೆಚ್ಚು ಗ್ರಂಥಿಗಳು ತಾವಾಗಿಯೇ ಅತಿಯಾಗಿ ಹಾರ್ಮೋನು ಸ್ರವಿಸುವ ಸ್ಥಿತಿಯನ್ನು ಪ್ರಾಥಮಿಕ ಹೈಪರ್‌ಪ್ಯಾರಾಥೈರಾಯ್ಡಿಸಮ್ ಎನ್ನುತ್ತಾರೆ. ಇದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಮೂಳೆಗಳು ಸವೆಯುತ್ತವೆ, ಮೂತ್ರಪಿಂಡದಲ್ಲಿ ಕಲ್ಲುಗಳು ಉಂಟಾಗುತ್ತವೆ. ಆಯಾಸ, ಮಲಬದ್ಧತೆ, ಮನಸ್ಸಿನ ಕುಗ್ಗುವಿಕೆಯೂ ಕಾಣಿಸಿಕೊಳ್ಳಬಹುದು. ಸುಮಾರು ಶೇ. 80ರಿಂದ 85ರಷ್ಟು ರೋಗಿಗಳಲ್ಲಿ ಕಾರಣ ಅಡೆನೋಮ ಎಂಬ ಕ್ಯಾನ್ಸರ್ ಅಲ್ಲದ ಒಂದೇ ಗಡ್ಡೆ. ಉಳಿದವರಲ್ಲಿ ಹೆಚ್ಚಿನವರಿಗೆ ಒಂದಕ್ಕಿಂತ ಹೆಚ್ಚು ಗ್ರಂಥಿಗಳು ಬೆಳೆದಿರುತ್ತವೆ. ಕ್ಯಾನ್ಸರ್ ಅಪರೂಪ. ರೋಗವನ್ನು ಪೂರ್ಣವಾಗಿ ಗುಣಪಡಿಸುವ ಚಿಕಿತ್ಸೆಯೆಂದರೆ ದೋಷವುಳ್ಳ ಗ್ರಂಥಿಯನ್ನು ತೆಗೆದುಹಾಕುವುದೇ ಆಗಿದೆ.

ಗ್ರಂಥಿ ಎಲ್ಲೆಲ್ಲಿ ಅಡಗಿರಬಹುದು

ಭ್ರೂಣದ ಬೆಳವಣಿಗೆಯಲ್ಲಿ ಈ ಗ್ರಂಥಿಗಳು ಹುಟ್ಟಿದ ಜಾಗದಲ್ಲೇ ಉಳಿಯದೆ ಕೆಳಕ್ಕೆ ಸರಿಯುತ್ತವೆ. ಕೆಳಗಿನ ಜೋಡಿಯು ಥೈಮಸ್ ಗ್ರಂಥಿಯೊಡನೆ ಒಂದೇ ಮೂಲದಿಂದ ಹುಟ್ಟಿ, ಮೇಲಿನ ಜೋಡಿಗಿಂತ ಹೆಚ್ಚು ದೂರ ಸಾಗುತ್ತದೆ. ಆದ್ದರಿಂದ ಅದರ ಸ್ಥಾನದಲ್ಲಿ ವ್ಯತ್ಯಾಸವೂ ಹೆಚ್ಚು. ಸಹಜ ಸ್ಥಾನ ತಪ್ಪಿದ ಗ್ರಂಥಿಗಳು ಈ ಕೆಳಗಿನ ಜಾಗಗಳಲ್ಲಿ ಸಿಗಬಹುದು:

• ಥೈಮಸ್‌ನೊಳಗೆ, ಅಥವಾ ಎದೆಮೂಳೆಯ ಹಿಂದಿರುವ ಎದೆಯ ಮಧ್ಯಭಾಗದಲ್ಲಿ
• ಅನ್ನನಾಳದ ಹಿಂದೆ, ಅಥವಾ ಅನ್ನನಾಳ ಮತ್ತು ಶ್ವಾಸನಾಳಗಳ ನಡುವಿನ ಸಂದಿಯಲ್ಲಿ
• ಥೈರಾಯ್ಡ್ ಗ್ರಂಥಿಯ ಒಳಗೇ
• ಕುತ್ತಿಗೆಯ ದೊಡ್ಡ ರಕ್ತನಾಳಗಳನ್ನು ಸುತ್ತುವರಿದ ಪೊರೆಯಲ್ಲಿ

ಕೆಲವರಲ್ಲಿ ನಾಲ್ಕಕ್ಕಿಂತ ಹೆಚ್ಚು ಗ್ರಂಥಿಗಳೂ ಇರುತ್ತವೆ.

ಇತಿಹಾಸ

ಬ್ರಿಟನ್ನಿನ ಅಂಗರಚನಾ ತಜ್ಞ ರಿಚರ್ಡ್ ಓವನ್ 19ನೇ ಶತಮಾನದ ಮಧ್ಯದಲ್ಲಿ, ಲಂಡನ್ ಮೃಗಾಲಯದಲ್ಲಿ ಸತ್ತ ಭಾರತೀಯ ಘೇಂಡಾಮೃಗವೊಂದರ ದೇಹವನ್ನು ಛೇದಿಸಿದಾಗ ಈ ಗ್ರಂಥಿಯನ್ನು ಗಮನಿಸಿದರು. ಮನುಷ್ಯರಲ್ಲಿ ಇದನ್ನು ವಿವರವಾಗಿ ವರ್ಣಿಸಿದವರು ಸ್ವೀಡನ್ನಿನ ಉಪ್ಸಾಲಾದ ಐವಾರ್ ಸ್ಯಾಂಡ್‌ಸ್ಟ್ರೋಮ್. ಅವರ ಪ್ರಬಂಧ 1880ರಲ್ಲಿ ಪ್ರಕಟವಾಯಿತು. 1925ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್ ಅವರು ತೀವ್ರ ಮೂಳೆರೋಗದಿಂದ ಬಳಲುತ್ತಿದ್ದ ಟ್ರಾಮ್ ನೌಕರನೊಬ್ಬನ ಪ್ಯಾರಾಥೈರಾಯ್ಡ್ ಗಡ್ಡೆಯನ್ನು ತೆಗೆದು, ಈ ಚಿಕಿತ್ಸೆಗೆ ನಾಂದಿ ಹಾಡಿದರು.

ಗ್ರಂಥಿಯ ಸ್ಥಾನ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ ಅವರ ಪ್ರಕರಣವನ್ನು ಉದಾಹರಿಸಲಾಗುತ್ತದೆ. ಮೂಳೆಗಳು ಮೆತ್ತಗಾಗಿ, ಪದೇ ಪದೇ ಮುರಿದು, ಅವರ ಎತ್ತರವೇ ಕುಗ್ಗಿತ್ತು. 1926ರಿಂದ ಅವರ ಕುತ್ತಿಗೆಯಲ್ಲಿ ಹಲವು ಬಾರಿ ಶಸ್ತ್ರಚಿಕಿತ್ಸೆ ನಡೆಸಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಎಡ್ವರ್ಡ್ ಚರ್ಚಿಲ್ ಮತ್ತು ಆಲಿವರ್ ಕೋಪ್ ಅವರು ಎದೆಯ ಮಧ್ಯಭಾಗದಲ್ಲಿದ್ದ ಅಡೆನೋಮವನ್ನು ಪತ್ತೆಹಚ್ಚಿದರು. ಆದರೆ ಮಾರ್ಟೆಲ್ ಆ ಬಳಿಕ ಹೆಚ್ಚು ಕಾಲ ಬದುಕಲಿಲ್ಲ.

1980ರ ದಶಕದಲ್ಲಿ ಥ್ಯಾಲಿಯಂ ಮತ್ತು ಟೆಕ್ನಿಷಿಯಂ ಧಾತುಗಳ ವಿಕಿರಣಶೀಲ ರೂಪಗಳಿಂದ ಎರಡು ಚಿತ್ರಗಳನ್ನು ಪಡೆದು, ಒಂದರಿಂದ ಮತ್ತೊಂದನ್ನು ಕಳೆಯುವ ವಿಧಾನ ಬಳಕೆಗೆ ಬಂತು. ಹೃದಯದ ಸ್ನಾಯುವಿನ ರಕ್ತಸಂಚಾರವನ್ನು ನೋಡಲು ತಯಾರಿಸಿದ್ದ ಸೆಸ್ಟಾಮಿಬಿ ಎಂಬ ಔಷಧವು ಪ್ಯಾರಾಥೈರಾಯ್ಡ್ ಗಡ್ಡೆಗಳಲ್ಲೂ ಸಂಗ್ರಹವಾಗುತ್ತದೆ ಎಂಬುದು 1989ರಲ್ಲಿ ವರದಿಯಾಯಿತು. 1990ರ ದಶಕದಲ್ಲಿ ಅದು ಥ್ಯಾಲಿಯಂನ ಸ್ಥಾನವನ್ನು ಪಡೆದುಕೊಂಡಿತು.

ಸೆಸ್ಟಾಮಿಬಿ ಸ್ಕ್ಯಾನ್

ಈ ಪರೀಕ್ಷೆಯಲ್ಲಿ ಟೆಕ್ನಿಷಿಯಂ-99ಎಂ ಸೇರಿಸಿದ ಸೆಸ್ಟಾಮಿಬಿಯನ್ನು ಅಭಿಧಮನಿಯ ಮೂಲಕ ನೀಡಲಾಗುತ್ತದೆ. ಟೆಕ್ನಿಷಿಯಂ-99ಎಂನ ಅರ್ಧಾಯು ಸುಮಾರು 6 ಗಂಟೆ. ಅದು ಹೊಮ್ಮಿಸುವ ಗಾಮಾ ಕಿರಣಗಳನ್ನು ಗಾಮಾ ಕ್ಯಾಮೆರಾ ಗ್ರಹಿಸಿ ಚಿತ್ರವಾಗಿ ಪರಿವರ್ತಿಸುತ್ತದೆ.

ಸೆಸ್ಟಾಮಿಬಿಯು ಧನ ವಿದ್ಯುದಂಶವುಳ್ಳ, ಕೊಬ್ಬಿನಲ್ಲಿ ಕರಗುವ ಸಂಯುಕ್ತ. ಜೀವಕೋಶಗಳನ್ನು ಹೊಕ್ಕ ಮೇಲೆ ಅದು ಮೈಟೋಕಾಂಡ್ರಿಯಾಗಳಲ್ಲಿ ನೆಲೆಸುತ್ತದೆ. ಪ್ಯಾರಾಥೈರಾಯ್ಡ್ ಅಡೆನೋಮಗಳಲ್ಲಿ ಮೈಟೋಕಾಂಡ್ರಿಯಾ ಸಮೃದ್ಧವಾಗಿರುವ ಆಕ್ಸಿಫಿಲ್ ಕೋಶಗಳಿರುವುದರಿಂದ ಔಷಧವು ಅಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಥೈರಾಯ್ಡ್ ಗ್ರಂಥಿಯೂ ಅದನ್ನು ಹೀರಿಕೊಳ್ಳುತ್ತದೆಯಾದರೂ ಬೇಗನೆ ಹೊರಬಿಡುತ್ತದೆ. ಈ ವ್ಯತ್ಯಾಸವೇ ಎರಡು ಹಂತದ ಸ್ಕ್ಯಾನಿನ ಆಧಾರ. ಔಷಧ ನೀಡಿದ 10–15 ನಿಮಿಷಗಳಲ್ಲಿ ಮೊದಲ ಚಿತ್ರವನ್ನು, ಸುಮಾರು 2 ಗಂಟೆಗಳ ನಂತರ ಎರಡನೆಯ ಚಿತ್ರವನ್ನು ತೆಗೆಯಲಾಗುತ್ತದೆ. ಎರಡನೆಯ ಚಿತ್ರದಲ್ಲಿ ಥೈರಾಯ್ಡ್ ಮಸುಕಾಗಿ, ಒಂದು ಬಿಂದು ಮಾತ್ರ ಪ್ರಖರವಾಗಿ ಉಳಿದರೆ ಅದು ಅಡೆನೋಮ ಇರಬಹುದಾದ ಜಾಗವನ್ನು ಸೂಚಿಸುತ್ತದೆ.

ಸಾಧಾರಣ ಚಿತ್ರದಲ್ಲಿ ಆಳದ ಅಂದಾಜು ಸಿಗುವುದಿಲ್ಲ. ಕ್ಯಾಮೆರಾವನ್ನು ದೇಹದ ಸುತ್ತ ತಿರುಗಿಸಿ ಮೂರು ಆಯಾಮದ ಚಿತ್ರವನ್ನು ಪಡೆಯುವ ಸ್ಪೆಕ್ಟ್ ವಿಧಾನವನ್ನು ಸಿ.ಟಿ. ಜೊತೆಗೆ ಸೇರಿಸಿದಾಗ (ಸ್ಪೆಕ್ಟ್-ಸಿ.ಟಿ.), ಗಡ್ಡೆಯು ಅನ್ನನಾಳ, ಶ್ವಾಸನಾಳ ಅಥವಾ ಎದೆಮೂಳೆಯಿಂದ ಎಷ್ಟು ದೂರದಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಇತರ ವಿಧಾನಗಳು

ಅಲ್ಟ್ರಾಸೌಂಡ್: ಇದರಲ್ಲಿ ವಿಕಿರಣವಿಲ್ಲ, ವೆಚ್ಚವೂ ಕಡಿಮೆ. ಅಡೆನೋಮವು ಸಾಮಾನ್ಯವಾಗಿ ಥೈರಾಯ್ಡ್‌ಗಿಂತ ಕಪ್ಪಾಗಿ, ಅಂಡಾಕಾರವಾಗಿ ಕಾಣುತ್ತದೆ. ಡಾಪ್ಲರ್ ಬಳಸಿದಾಗ ಅದರ ಒಂದು ತುದಿಯಿಂದ ಒಳಸೇರುವ ರಕ್ತನಾಳವು ಕಾಣಿಸಬಹುದು. ಥೈರಾಯ್ಡ್‌ನಲ್ಲಿರುವ ಗಂಟುಗಳೂ ಇದೇ ಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಆದರೆ ಧ್ವನಿತರಂಗಗಳು ಮೂಳೆಯನ್ನೂ ಗಾಳಿಯನ್ನೂ ದಾಟಲಾರವಾದ್ದರಿಂದ ಎದೆಯೊಳಗಿನ ಮತ್ತು ಶ್ವಾಸನಾಳದ ಹಿಂದಿನ ಗ್ರಂಥಿಗಳು ಕಾಣುವುದಿಲ್ಲ. ಫಲಿತಾಂಶವು ಪರೀಕ್ಷಿಸುವವರ ಅನುಭವವನ್ನು ಬಹಳವಾಗಿ ಅವಲಂಬಿಸಿದೆ. ಗರ್ಭಿಣಿಯರಲ್ಲಿ ಮೊದಲು ಆಯ್ದುಕೊಳ್ಳುವ ವಿಧಾನ ಇದೇ ಆಗಿದೆ.

ನಾಲ್ಕು ಆಯಾಮದ ಸಿ.ಟಿ.: ಇಲ್ಲಿ ನಾಲ್ಕನೆಯ ಆಯಾಮವೆಂದರೆ ಕಾಲ. ಕಾಂಟ್ರಾಸ್ಟ್ ದ್ರವವನ್ನು ನೀಡುವ ಮುನ್ನ ಮತ್ತು ನೀಡಿದ ನಂತರ ಬೇರೆ ಬೇರೆ ಘಟ್ಟಗಳಲ್ಲಿ ಚಿತ್ರಗಳನ್ನು ತೆಗೆಯಲಾಗುತ್ತದೆ. ಅಡೆನೋಮವು ಬೇಗನೆ ಬೆಳಗಿ, ಬೇಗನೆ ಮಂಕಾಗುತ್ತದೆ. ದುಗ್ಧಗ್ರಂಥಿಗಳು ನಿಧಾನವಾಗಿ ಬೆಳಗುತ್ತವೆ. ಥೈರಾಯ್ಡ್‌ಗೆ ತಗಲುವ ವಿಕಿರಣ ಹೆಚ್ಚು ಎಂಬುದು ಇದರ ಮುಖ್ಯ ದೋಷ. ಮೂತ್ರಪಿಂಡಗಳ ಕಾರ್ಯ ಕುಂದಿದವರಲ್ಲಿ ಕಾಂಟ್ರಾಸ್ಟ್ ದ್ರವವನ್ನು ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ.

ಕೋಲಿನ್ ಪೆಟ್ ಸ್ಕ್ಯಾನ್: ಜೀವಕೋಶಗಳ ಪೊರೆಯ ರಚನೆಗೆ ಬೇಕಾದ ಕೋಲಿನ್‌ಗೆ ವಿಕಿರಣಶೀಲ ಫ್ಲೋರಿನ್-18 ಅಥವಾ ಕಾರ್ಬನ್-11 ಸೇರಿಸಿ ನಡೆಸುವ ಪರೀಕ್ಷೆ ಇದು. ಸೆಸ್ಟಾಮಿಬಿ ಸ್ಕ್ಯಾನಿನಲ್ಲಿ ಕಾಣದ ಸಣ್ಣ ಗಡ್ಡೆಗಳನ್ನೂ ಇದು ಹಲವು ವೇಳೆ ತೋರಿಸಬಲ್ಲದು. ದುಬಾರಿಯಾದ ಇದು ಎಲ್ಲೆಡೆ ಲಭ್ಯವಿಲ್ಲ.

ಎಂ.ಆರ್.ಐ. ಮತ್ತು ರಕ್ತನಾಳದ ಮಾದರಿ ಪರೀಕ್ಷೆ: ವಿಕಿರಣವನ್ನು ತಪ್ಪಿಸಬೇಕಾದಾಗ ಎಂ.ಆರ್.ಐ. ನೆರವಾಗುತ್ತದೆ. ಮೊದಲ ಶಸ್ತ್ರಚಿಕಿತ್ಸೆ ವಿಫಲವಾಗಿ ಬೇರೆ ಪರೀಕ್ಷೆಗಳಿಂದಲೂ ಸುಳಿವು ಸಿಗದಿದ್ದಾಗ, ಕುತ್ತಿಗೆ ಮತ್ತು ಎದೆಯ ಅಭಿಧಮನಿಗಳಿಗೆ ತೆಳುವಾದ ನಳಿಕೆಯನ್ನು ತೂರಿಸಿ, ಯಾವ ಭಾಗದ ರಕ್ತದಲ್ಲಿ ಪಿಟಿಎಚ್ ಹೆಚ್ಚಾಗಿದೆ ಎಂದು ಅಳೆಯಲಾಗುತ್ತದೆ.

ಶಸ್ತ್ರಚಿಕಿತ್ಸೆಯ ಮೇಲಿನ ಪರಿಣಾಮ

ಹಿಂದೆ ಕುತ್ತಿಗೆಯ ಎರಡೂ ಪಕ್ಕಗಳನ್ನು ತೆರೆದು ನಾಲ್ಕೂ ಗ್ರಂಥಿಗಳನ್ನು ನೋಡುವುದು ರೂಢಿಯಾಗಿತ್ತು. ಗಡ್ಡೆಯ ಸ್ಥಾನ ಮೊದಲೇ ತಿಳಿದರೆ ಸಣ್ಣ ಗಾಯದ ಮೂಲಕ ಅದೊಂದನ್ನೇ ತೆಗೆಯಬಹುದು. ಧ್ವನಿಪೆಟ್ಟಿಗೆಯ ನರಕ್ಕೆ ಮತ್ತು ಆರೋಗ್ಯಕರ ಗ್ರಂಥಿಗಳಿಗೆ ಪೆಟ್ಟಾಗುವ ಸಂಭವವೂ ಇದರಿಂದ ಕಡಿಮೆಯಾಗುತ್ತದೆ. ಪಿಟಿಎಚ್ ರಕ್ತದಲ್ಲಿ ಕೆಲವೇ ನಿಮಿಷಗಳ ಅರ್ಧಾಯು ಹೊಂದಿದೆ. ಹಾಗಾಗಿ ಗಡ್ಡೆಯನ್ನು ತೆಗೆದ 10 ನಿಮಿಷಗಳ ಬಳಿಕ ಅದರ ಮಟ್ಟ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ, ದೋಷವುಳ್ಳ ಬೇರೆ ಗ್ರಂಥಿ ಉಳಿದಿಲ್ಲವೆಂದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೇ ತಿಳಿಯಬಹುದು.

ಮಿತಿಗಳು

ಚಿತ್ರಣವು ತಪ್ಪು ದಾರಿಯನ್ನೂ ತೋರಿಸಬಹುದು. ಥೈರಾಯ್ಡ್‌ನ ಗಂಟುಗಳು ಸೆಸ್ಟಾಮಿಬಿಯನ್ನು ಹಿಡಿದಿಟ್ಟುಕೊಂಡು ಪ್ಯಾರಾಥೈರಾಯ್ಡ್ ಗಡ್ಡೆಯಂತೆ ತೋರಬಹುದು. ಗಡ್ಡೆ ಚಿಕ್ಕದಾಗಿದ್ದರೆ, ಆಕ್ಸಿಫಿಲ್ ಕೋಶಗಳು ಕಡಿಮೆಯಿದ್ದರೆ ಅಥವಾ ಹಲವು ಗ್ರಂಥಿಗಳು ಸ್ವಲ್ಪ ಸ್ವಲ್ಪವೇ ಬೆಳೆದಿದ್ದರೆ ಏನೂ ಕಾಣದಿರಬಹುದು.

ಏನೂ ಕಾಣದಿದ್ದರೆ ರೋಗವಿಲ್ಲವೆಂದು ಅರ್ಥವಲ್ಲ. ಕ್ಯಾಲ್ಸಿಯಂ ಮತ್ತು ಪಿಟಿಎಚ್ ಪರೀಕ್ಷೆಗಳಿಂದ ರೋಗವು ಖಚಿತವಾಗಿದ್ದರೆ, ಸ್ಕ್ಯಾನ್ ಬರಿದಾಗಿದೆ ಎಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಬಾರದು ಎಂಬುದು ತಜ್ಞರ ನಿಲುವು. ಅಂತಹ ರೋಗಿಗಳಲ್ಲಿ ಅನುಭವಿ ಶಸ್ತ್ರವೈದ್ಯರು ನಾಲ್ಕೂ ಗ್ರಂಥಿಗಳನ್ನು ಪರಿಶೀಲಿಸುತ್ತಾರೆ. ಹತ್ತಿರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಏನನ್ನೂ ತೋರಿಸದೆ ಚಿಕಿತ್ಸೆ ನಿಂತುಹೋದರೆ, ಮೂಳೆ ಮತ್ತು ಮೂತ್ರಪಿಂಡಗಳ ಹಾನಿ ಮುಂದುವರಿಯುತ್ತಲೇ ಇರುತ್ತದೆ. ಮತ್ತೊಂದೆಡೆ, ರಕ್ತಪರೀಕ್ಷೆಯಿಂದ ರೋಗವು ದೃಢಪಡದೆ ಸ್ಕ್ಯಾನ್ ಮಾಡಿಸುವುದರಿಂದ ಅನಗತ್ಯ ಶಸ್ತ್ರಚಿಕಿತ್ಸೆಗೆ ಎಡೆಯಾಗಬಹುದು.

ಮೂತ್ರಪಿಂಡ ವೈಫಲ್ಯದಿಂದ ಉಂಟಾಗುವ ದ್ವಿತೀಯಕ ಹೈಪರ್‌ಪ್ಯಾರಾಥೈರಾಯ್ಡಿಸಮ್‌ನಲ್ಲಿ ಮತ್ತು ಕೆಲವು ಆನುವಂಶಿಕ ರೋಗಗಳಲ್ಲಿ ಸಾಮಾನ್ಯವಾಗಿ ಎಲ್ಲ ಗ್ರಂಥಿಗಳೂ ಬೆಳೆದಿರುತ್ತವೆ. ಅಲ್ಲಿ ಚಿತ್ರಣದ ಪಾತ್ರ, ಸ್ಥಾನ ತಪ್ಪಿದ ಗ್ರಂಥಿಗಳನ್ನು ಹುಡುಕುವುದಕ್ಕೆ ಬಹುಮಟ್ಟಿಗೆ ಸೀಮಿತ.

ಭಾರತದಲ್ಲಿ

ಪಾಶ್ಚಾತ್ಯ ದೇಶಗಳಲ್ಲಿ ಈ ರೋಗವು ಬಹುಪಾಲು ವಾಡಿಕೆಯ ರಕ್ತಪರೀಕ್ಷೆಯಲ್ಲಿ, ಲಕ್ಷಣಗಳು ಕಾಣುವ ಮೊದಲೇ ಪತ್ತೆಯಾಗುತ್ತದೆ. ಭಾರತದಲ್ಲಿ ಮೂಳೆನೋವು, ಮೂಳೆಮುರಿತ, ಮೂತ್ರಪಿಂಡದ ಕಲ್ಲುಗಳು ಉಂಟಾದ ಮೇಲೆ, ಹೋಲಿಕೆಯಲ್ಲಿ ಕಿರಿಯ ವಯಸ್ಸಿನಲ್ಲಿ ಆಸ್ಪತ್ರೆಗೆ ಬರುವವರ ಪ್ರಮಾಣ ಹೆಚ್ಚಾಗಿರುವುದು ವರದಿಯಾಗಿದೆ. ತಡವಾದ ಪತ್ತೆ ಮತ್ತು ವ್ಯಾಪಕವಾದ ವಿಟಮಿನ್ ಡಿ ಕೊರತೆ ಇದಕ್ಕೆ ಕಾರಣಗಳೆಂದು ಪರಿಗಣಿಸಲಾಗಿದೆ. ಇಂತಹ ರೋಗಿಗಳಲ್ಲಿ ಗಡ್ಡೆ ದೊಡ್ಡದಾಗಿರುವುದರಿಂದ ಚಿತ್ರಣದಲ್ಲಿ ಸುಲಭವಾಗಿ ಕಾಣುತ್ತದೆ. ರಕ್ತಪರೀಕ್ಷೆಗಳು ಹೆಚ್ಚಿದಂತೆ ಸೌಮ್ಯ ಪ್ರಕರಣಗಳೂ ಬೆಳಕಿಗೆ ಬರುತ್ತಿವೆ. ಅವುಗಳಲ್ಲಿ ಗಡ್ಡೆ ಚಿಕ್ಕದಿರುವುದರಿಂದ ಒಂದಕ್ಕಿಂತ ಹೆಚ್ಚು ವಿಧಾನಗಳು ಬೇಕಾಗಬಹುದು.