ಗುಳಿಗೆಯ ಗುಣದೋಷ

ಸಂತಾನ ನಿಯಂತ್ರಣದ ಗುಳಿಗೆಯನ್ನು ಹೊಗಳುವವರೂ ಉಂಟು, ತೆಗಳುವವರೂ ಉಂಟು. ನಾನು ವೈದ್ಯನಲ್ಲ; ಆದುದರಿಂದ ಅದರ ಚರಿತ್ರೆಯನ್ನು ಹೇಳುತ್ತೇನೆ. ಗುಣವಾವುದು, ದೋಷವಾವುದು ಎಂಬುದು ಅದರಿಂದಲೇ ತಕ್ಕಮಟ್ಟಿಗೆ ತಿಳಿಯುತ್ತದೆ.

ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಎಂಬಾಕೆಯ ಹಂಬಲ, ಕ್ಯಾಥರಿನ್ ಮೆಕಾರ್ಮಿಕ್ ಎಂಬ ಸಿರಿವಂತೆಯ ಹಣ, ಗ್ರೆಗರಿ ಪಿಂಕಸ್ ಎಂಬ ವಿಜ್ಞಾನಿಯ ಬುದ್ಧಿ ಇವು ಕೂಡಿ ಗುಳಿಗೆ ಹುಟ್ಟಿತು. ಹೆಣ್ಣಿನ ದೇಹದಲ್ಲಿ ತಾನಾಗಿ ಒಸರುವ ಎರಡು ಹಾರ್ಮೋನುಗಳನ್ನು ಹೋಲುವ ದ್ರವ್ಯಗಳು ಅದರಲ್ಲಿದ್ದವು. ಅಂಡ ಹೊರಬೀಳದಂತೆ ತಡೆಯುವುದು ಅವುಗಳ ಕೆಲಸ. ೧೯೫೬ರಲ್ಲಿ ಪೋರ್ಟೊ ರಿಕೊ ದ್ವೀಪದ ರಿಯೊ ಪಿಯೆದ್ರಾಸ್‌ನಲ್ಲಿ, ಬಡವರ ವಸತಿಯೊಂದರಲ್ಲಿ, ಅದರ ದೊಡ್ಡ ಪರೀಕ್ಷೆ ನಡೆಯಿತು. ಮೇಲಿಂದ ಮೇಲೆ ಹೆತ್ತು ಬಳಲಿದ್ದ ತಾಯಂದಿರು ತಾವಾಗಿಯೇ ಮುಂದೆ ಬಂದರು. ಇದು ಬಸಿರನ್ನು ತಡೆಯುತ್ತದೆಂದು ಅವರಿಗೆ ಹೇಳಿದ್ದರು. ಇನ್ನೂ ಪರೀಕ್ಷೆಯಲ್ಲಿರುವ ಔಷಧವೆಂದು ಹೇಳಿರಲಿಲ್ಲ.

ತಪ್ಪದೆ ನುಂಗಿದವರು ಬಸಿರಾಗಲಿಲ್ಲ. ಆದರೆ ನೂರಕ್ಕೆ ೧೭ ಮಂದಿಗೆ ವಾಂತಿ, ತಲೆಸುತ್ತು, ತಲೆನೋವು ಮುಂತಾದ ತೊಂದರೆಗಳಾದವು. ಪರೀಕ್ಷೆಯನ್ನು ನೋಡಿಕೊಂಡ ವೈದ್ಯೆ ಎಡ್ರಿಸ್ ರೈಸ್-ರೇ, ಗುಳಿಗೆ ಫಲ ಕೊಡುವುದು ನಿಜವಾದರೂ ತೊಂದರೆಗಳು ಹೆಚ್ಚಾದುದರಿಂದ ಎಲ್ಲರಿಗೂ ಸಲ್ಲದೆಂದು ತಿಳಿಸಿದರು. ಪಿಂಕಸರು ಆ ತೊಂದರೆಗಳನ್ನು ಬಹುಮಟ್ಟಿಗೆ ಮನಸ್ಸಿನ ಕಲ್ಪನೆಯೆಂದೇ ಬಗೆದರು. ೧೯೬೦ರಲ್ಲಿ ಅಮೆರಿಕದ ಸರ್ಕಾರ ‘ಎನೊವಿಡ್’ ಗುಳಿಗೆಗೆ ಒಪ್ಪಿಗೆಯಿತ್ತಿತು.

ಬಳಿಕ, ಗುಳಿಗೆ ನುಂಗಿದವರಲ್ಲಿ ಕೆಲವರು ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಸತ್ತ ಸುದ್ದಿ ಬರತೊಡಗಿತು. ೧೯೬೯ರಲ್ಲಿ ಬಾರ್ಬರಾ ಸೀಮನ್ ಈ ಅಪಾಯಗಳನ್ನು ಕುರಿತು ಪುಸ್ತಕ ಬರೆದರು. ೧೯೭೦ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಸಾಕ್ಷಿ ಹೇಳಲು ತಜ್ಞರು ಬಂದರು. ಗುಳಿಗೆ ನುಂಗಿ ನೊಂದ ಹೆಂಗಸರನ್ನು ಯಾರೂ ಕರೆಯಲಿಲ್ಲ. ಸಭೆಯಲ್ಲಿ ಕುಳಿತಿದ್ದ ತರುಣಿಯರೇ ಎದ್ದುನಿಂತು, ನಮ್ಮನ್ನೇಕೆ ಕೇಳುವುದಿಲ್ಲವೆಂದು ಕೂಗಿದರು. ಅಪಾಯವನ್ನು ತಿಳಿಸುವ ಚೀಟಿ ಪೊಟ್ಟಣದಲ್ಲಿರಬೇಕೆಂದು ಆ ವರ್ಷವೇ ಆಜ್ಞೆಯಾಯಿತು. ಕ್ರಮೇಣ ಪ್ರಮಾಣವೂ ಇಳಿಯಿತು. ಮೊದಲ ಗುಳಿಗೆಯಲ್ಲಿ ೧೫೦ ಮೈಕ್ರೋಗ್ರಾಂ ಇದ್ದ ಈಸ್ಟ್ರೊಜೆನ್ ಇಂದಿನ ಸಾಮಾನ್ಯ ಗುಳಿಗೆಗಳಲ್ಲಿ ೩೫ ಅಥವಾ ಅದಕ್ಕಿಂತಲೂ ಕಡಿಮೆ.

ಇಂದು ತೂಗಿ ನೋಡಿದರೆ ಗುಣದ ತಟ್ಟೆ ಹಗುರವಲ್ಲ. ಬಸಿರನ್ನು ತಡೆಯುವುದಲ್ಲದೆ ಮುಟ್ಟಿನ ನೋವು, ರಕ್ತಸ್ರಾವಗಳೂ ತಗ್ಗುತ್ತವೆ. ಅಂಡಾಶಯದ ಕ್ಯಾನ್ಸರಿನ ಸಂಭವ ಕಡಿಮೆಯಾಗುತ್ತದೆ. ದೋಷದ ತಟ್ಟೆಯಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇಂದಿಗೂ ಉಂಟು. ಸ್ತನದ ಕ್ಯಾನ್ಸರಿನ ಸಂಭವ ತುಸು ಹೆಚ್ಚುತ್ತದೆ. ಅಧಿಕ ರಕ್ತದೊತ್ತಡವುಳ್ಳವರಿಗೂ ೩೫ ವರ್ಷ ದಾಟಿ ಹೊಗೆ ಸೇದುವವರಿಗೂ ಅದು ಸಲ್ಲದು.

ಮಕ್ಕಳೆಷ್ಟು, ಯಾವಾಗ ಎಂಬ ನಿರ್ಧಾರ ಹೆಣ್ಣಿನ ಕೈಗೆ ಬಂದದ್ದು ಗುಳಿಗೆಯ ದೊಡ್ಡ ಉಪಕಾರ. ಆದರೆ ಗುಣವನ್ನು ಮಾತ್ರ ಹೇಳಿ ದೋಷವನ್ನು ಮರೆಸಿದರೆ ಆ ನಿರ್ಧಾರ ಅವಳದಾಗುವುದಿಲ್ಲ. ಇಂದಿನ ಹಗುರವಾದ ಗುಳಿಗೆಗೂ ಅದರೊಡನಿರುವ ಚೀಟಿಗೂ ನಾವು ಋಣಿಗಳಾಗಿರಬೇಕಾದದ್ದು ವಿಜ್ಞಾನಿಗಳಿಗೆ ಮಾತ್ರವಲ್ಲ. ನೊಂದು ಬಾಯಿಬಿಟ್ಟು ಹೇಳಿದ ಆ ಹೆಂಗಸರಿಗೂ ಹೌದು.