ದಾಂಪತ್ಯವೂ ಋಣವೂ: ಅಳಿಯಸಂತಾನದ ಒಂದು ನ್ಯಾಯ

ಉಡುಪಿ, ಕಾಪು, ಕಾರ್ಕಳಗಳ ಬಂಟರು, ಬಿಲ್ಲವರು ಮೊದಲಾದವರು ಅನುಸರಿಸಿದ ಅಳಿಯಸಂತಾನ ಕಟ್ಟಿನಲ್ಲಿ ವಿವಾಹಿತೆಯು ತನ್ನ ತಾಯಿಯ ಕುಟುಂಬದವಳಾಗಿಯೇ ಉಳಿಯುತ್ತಿದ್ದಳು. ಪತಿಯು ತನ್ನ ತಾಯಿಯ ಕುಟುಂಬದವನು. ಆದುದರಿಂದ ಅವನ ಸಾಲಕ್ಕೆ ಅವಳ ಕುಟುಂಬದ ಆಸ್ತಿಯು ಹೊಣೆಯಾಗುತ್ತಿರಲಿಲ್ಲ. ಯಜಮಾನನ ಸಾಲವೂ ಕುಟುಂಬದ ಅವಶ್ಯಕತೆಗಾಗಿ ಮಾಡಿದ್ದಾದರೆ ಮಾತ್ರ ಕುಟುಂಬವನ್ನು ಬಂಧಿಸುತ್ತಿತ್ತು. ದಾಂಪತ್ಯ ಮುರಿದಾಗ ಪರಸ್ಪರ ಹಂಚಿಕೊಳ್ಳಬೇಕಾದ ಕುಟುಂಬಾಸ್ತಿಯೂ ಇರಲಿಲ್ಲ, ಋಣವೂ ಇರಲಿಲ್ಲ.

1949ರ ಮದ್ರಾಸು ಅಳಿಯಸಂತಾನ ಶಾಸನವು ಕುಟುಂಬ ವಿಭಾಗಕ್ಕೆ ಅವಕಾಶವಿತ್ತಿತು. 1956ರ ಹಿಂದೂ ಉತ್ತರಾಧಿಕಾರ ಶಾಸನವು ದಾಯಕ್ರಮವನ್ನು ಮಾರ್ಪಡಿಸಿತು. ಆದರೆ ವಿವಾಹಮಾತ್ರದಿಂದ ಋಣಬಾಧ್ಯತೆ ಹುಟ್ಟದೆಂಬ ನ್ಯಾಯವು ಇಂದಿನ ಒಪ್ಪಂದ ಕಾನೂನಿನಲ್ಲಿಯೂ ಕಾಣುತ್ತದೆ. ಮಣಿಪಾಲದ ದಂಪತಿಗಳು ಇಂದು ವಿಚ್ಛೇದನ ಪಡೆದರೂ ಕ್ರೆಡಿಟ್ ಕಾರ್ಡಿನ ಸಾಲಕ್ಕೆ ಬ್ಯಾಂಕಿನೊಡನೆ ಒಪ್ಪಂದ ಮಾಡಿಕೊಂಡವರೇ ಹೊಣೆ. ಪತ್ನಿಯು ತನ್ನ ಖಾತೆಯಲ್ಲಿ ಪತಿಗೆ ಹೆಚ್ಚುವರಿ ಕಾರ್ಡು ಕೊಡಿಸಿದ್ದರೆ ಅವನ ವೆಚ್ಚವೂ ಅವಳ ಮೇಲೆಯೇ ಬೀಳುವುದು. ಹಿಂದೆ ಸ್ತ್ರೀಯನ್ನು ಕುಟುಂಬವು ಕಾಯುತ್ತಿತ್ತು. ಈಗ ಅವಳ ಸಹಿಯೇ ಕಾಯಬೇಕು.